ಬಡವರ ಊಟಿಯಲ್ಲಿ ಎರಡು ದಿನ

ಹಾಸನದಲ್ಲಿ ನಮಗೆ ಇದ್ದ ಕೆಲಸ ನಿದ್ದೆ ಮಾಡುವುದು ಮಾತ್ರ. ದಾವಣಗೆರೆಯಿಂದ ಕಾರಿನಲ್ಲಿ ಹೊರಟಿದ್ದೆವು. ಹಾಸನ, ಮೈಸೂರು, ಆಮೇಲೆ ಊಟಿ. ಮಗಳು ಹಾಸ್ಟೆಲ್ ಸೇರಿದ ಮೇಲೆ ನಾವಿಬ್ಬರೇ ಹೊರಟ ಮೊದಲ ಪ್ರವಾಸ ಅದು. ನಮ್ಮ ಮನೆಯವರು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡಿದ್ದರು. ಎಲ್ಲಿ ಡೀಸೆಲ್, ಎಲ್ಲಿ ಕಾಫಿ, ಎಲ್ಲಿ ಊಟ. ಹಾಸನದ ಮುಂದೆ ‘ರಾತ್ರಿ 8ರಿಂದ ಬೆಳಿಗ್ಗೆ 6’ ಅಂತ ಬರೆದಿತ್ತು, ಅಷ್ಟೇ.

ಡಿಸೆಂಬರ್ ಕೊನೆಯ ವಾರ. ಅರಸೀಕೆರೆ ದಾಟಿದ ಮೇಲೆ ಗಾಜು ಇಳಿಸಿದರೆ ಕಿವಿ ಜುಮ್ ಅನ್ನುತ್ತಿತ್ತು. "ರೀ, ಸ್ವೆಟರ್ ಇಟ್ಕೊಂಡಿದ್ದೀರಾ?" ಅಂದೆ. "ಊಟಿಯಲ್ಲಿ ತಗೊಂಡ್ರಾಯ್ತು ಬಿಡು. ಚಳಿ ಇರೋದು ಅಲ್ಲಿ, ಇಲ್ಲಲ್ಲ" ಅಂದರು. ಬಿಸಿಲೂರಿನವರಿಗೆ ಚಳಿಯ ಲೆಕ್ಕ ಅಷ್ಟಕ್ಕಷ್ಟೇ.

ಹಾಸನವನ್ನು ಬಡವರ ಊಟಿ ಅಂತಾರೆ. ಊಟಿ ಇರೋದು ಸುಮಾರು 2,240 ಮೀಟರ್ ಎತ್ತರದಲ್ಲಿ. ಹಾಸನ ಸಾವಿರ ಮೀಟರಿಗೂ ಸ್ವಲ್ಪ ಕಡಿಮೆ. ಲೆಕ್ಕ ಹಾಕಿದರೆ ಅರ್ಧವೂ ಇಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಲಾಡ್ಜಿನ ಕಿಟಕಿ ತೆಗೆದರೆ ಎದುರಿನ ಅಂಗಡಿಯೇ ಕಾಣಲಿಲ್ಲ. ಬರೀ ಮಂಜು. ಎಲ್ಲೋ ಬಸ್ಸಿನ ಹಾರ್ನ್, ಎಲ್ಲೋ ಯಾರೋ ಕೆಮ್ಮಿದ ಸದ್ದು.

ಲಾಡ್ಜಿನ ಹೆಸರು ಬೇಡ. ‘24 ಗಂಟೆ ಬಿಸಿನೀರು’ ಅಂತ ಬೋರ್ಡ್ ಇತ್ತು. ನಲ್ಲಿ ತಿರುಗಿಸಿದರೆ ಕೈ ಸೆಟೆದುಕೊಳ್ಳುವಂಥ ನೀರು. ಕೆಳಗೆ ಹೋಗಿ ಕೇಳಿದರೆ ಹುಡುಗ, "ಸೋಲಾರು ಸಾರ್, ಬಿಸ್ಲು ಬಂದ್ಮೇಲೆ ಬರುತ್ತೆ" ಅಂದ. "ಹಾಗಾದ್ರೆ ಅದು ಯಾವ 24 ಗಂಟೆನಪ್ಪಾ?" ಅಂತ ಇವರು ಕೇಳಿದರು. ಅವನಿಗೆ ನಗು ಬಂತು. ಪಾಪ, ಒಂದು ಬಕೆಟ್ ಕಾಯಿಸಿ ತಂದುಕೊಟ್ಟ. ಇಬ್ಬರಿಗೆ ಒಂದೇ ಬಕೆಟ್. ಅದನ್ನು ನನಗೆ ಬಿಟ್ಟು ಇವರು ತಣ್ಣೀರಲ್ಲೇ ಮಿಂದರು. ಎಂಟಕ್ಕೆ ಸೀನು ಶುರುವಾಯಿತು. ಒಂಬತ್ತಕ್ಕೆ ಮೂಗು ಸೋರತೊಡಗಿತು. ಹತ್ತಕ್ಕೆ ಬೀದಿ ಬದಿಯಲ್ಲಿ ಕಂದು ಬಣ್ಣದ ಒಂದು ಸ್ವೆಟರ್ ಕೊಂಡೆವು. ಊಟಿಯ ಸ್ವೆಟರ್ ಹಾಸನದಲ್ಲೇ ಆಯಿತು.

"ಇವತ್ತು ಇಲ್ಲೇ ಇರೋಣ" ಅಂದೆ. ಹಾಳೆ ನೋಡಿದರು, ಮೂಗೊರೆಸಿಕೊಂಡರು, ಮಾತಾಡಲಿಲ್ಲ. ಅದು ಒಪ್ಪಿಗೆ ಅಂತ ತಿಳಿಯುವಷ್ಟು ವರ್ಷ ಒಟ್ಟಿಗೆ ಬಾಳಿದ್ದೇವೆ.

ಹಾಸನದಲ್ಲಿ ಉಳಿದವರನ್ನು ಎಲ್ಲರೂ ಕೇಳುವುದು ಒಂದೇ: ಬೇಲೂರು, ಹಳೇಬೀಡು ನೋಡಿದ್ರಾ? 2023ರಲ್ಲಿ ಎರಡೂ ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ಇನ್ನೂ ಜಾಸ್ತಿ. ಶಾಲೆಯ ಪ್ರವಾಸದಲ್ಲಿ ಇಬ್ಬರೂ ನೋಡಿದ್ದೇವೆ. ಸಾಲಾಗಿ ನಿಂತು ಎಣಿಸಿಕೊಂಡು ಬಂದ ನೆನಪು. ಕ್ರಿಸ್‌ಮಸ್ ರಜೆಯ ಗದ್ದಲದಲ್ಲಿ ಮತ್ತೆ ಹೋಗಲು ನನಗೆ ಮನಸ್ಸಿರಲಿಲ್ಲ. ಬೇಲೂರು ರಸ್ತೆಯಲ್ಲೇ ಸ್ವಲ್ಪ ದೂರ ಹೋಗಿ ದೊಡ್ಡಗದ್ದವಳ್ಳಿಯ ಕಡೆ ತಿರುಗಿದೆವು.

ದಾರಿಯಲ್ಲಿ ಒಂದು ಕಡೆ ರಸ್ತೆ ಮೇಲೆಯೇ ರಾಗಿ ಹುಲ್ಲು ಹರಡಿದ್ದರು. ಗಾಡಿಗಳು ಹರಿದಾಡಿ ಒಕ್ಕಣೆ ಆಗಬೇಕು. ಇವರಿಗೆ ಇದು ಆಗಿಬರುವುದಿಲ್ಲ. "ಇದು ರಸ್ತೆನೋ ಕಣನೋ?" ಅಂತ ಗೊಣಗಿದರು. ಆದರೂ ಮೆಲ್ಲಗೆ ಅದರ ಮೇಲೇ ಕಾರು ಹತ್ತಿಸಿದರು. ಬದಿಯಲ್ಲಿ ನಿಂತಿದ್ದ ಅಜ್ಜ ಕೈಯೆತ್ತಿ, "ಇನ್ನೊಂದ್ ಕಿತ ಬಾ ಸ್ವಾಮಿ" ಅಂದ. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ದೊಡ್ಡಗದ್ದವಳ್ಳಿಯ ಗುಡಿ ಕೆರೆಯ ಪಕ್ಕದಲ್ಲಿದೆ. ನಾವು ಹೋದಾಗ ನೀರಿನ ಮೇಲೆ ಇನ್ನೂ ಮಂಜು ಇತ್ತು. ಆವರಣದಲ್ಲಿ ಒಬ್ಬರೂ ಇಲ್ಲ. ಇದನ್ನು ರಾಜ ಕಟ್ಟಿಸಿದ್ದಲ್ಲ. ವಿಷ್ಣುವರ್ಧನನ ಕಾಲದಲ್ಲಿ ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಸೇರಿ ಕಟ್ಟಿಸಿದ್ದು, 1113ರ ಸುಮಾರಿಗೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಅಂದರೆ ಇದು ಬೇಲೂರಿಗಿಂತ ಅಕ್ಕ. ಒಂದೇ ಗುಡಿಯಲ್ಲಿ ನಾಲ್ಕು ಗರ್ಭಗುಡಿ, ಮುಖ್ಯ ದೇವತೆ ಲಕ್ಷ್ಮಿ. ಹೊಯ್ಸಳರ ಕಾಲದ ಲಕ್ಷ್ಮಿಯ ಗುಡಿಗಳು ತೀರಾ ಅಪರೂಪ. ಕಾಳಿಯ ಬಾಗಿಲ ಆಚೀಚೆ ಬೇತಾಳಗಳಿವೆ. ಮೈಯೆಲ್ಲ ಬರೀ ಎಲುಬು. ಇವರು ಒಂದರ ಪಕ್ಕ ನಿಂತು, "ಹೀಗೇ ಸೀನ್ತಾ ಇದ್ರೆ ಸಂಜೆಗೆ ನಾನೂ ಹೀಗೇ ಆಗ್ತೀನಿ" ಅಂದರು.

ಕಂಬಗಳನ್ನು ಮುಟ್ಟಿದರೆ ಮಂಜುಗಡ್ಡೆ. ಬಳಪದ ಕಲ್ಲು ಅದು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆಲ್ಲ ಗಟ್ಟಿಯಾಗುತ್ತದಂತೆ. ಅದಕ್ಕೇ ಹೊಯ್ಸಳರ ಕೆತ್ತನೆ ಅಷ್ಟು ನಯ. ಆದರೆ ನನ್ನ ತಲೆಯಲ್ಲಿ ಕೂತದ್ದು ಸಹಜಾದೇವಿ. ಒಂಬೈನೂರು ವರ್ಷ ಕಳೆದರೂ ಗಂಡನ ಹೆಸರಿನ ಪಕ್ಕ ಅವಳ ಹೆಸರು ಉಳಿದಿದೆ. "ರೀ, ನಮ್ಮ ಮನೆ ಪತ್ರಕ್ಕೆ ನನ್ನ ಹೆಸರು ಸೇರಿಸೋದು ಯಾವಾಗ?" ಅಂತ ಕೇಳಿದೆ. ಉತ್ತರವಾಗಿ ಒಂದು ಸೀನು ಬಂತು. ಸೀನು ನಿಜದ್ದೇ, ನಾನು ನೋಡಿದೆ. ಆದರೂ ಸಮಯ ನೋಡಿ ಬಂತು.

ಮಧ್ಯಾಹ್ನ ಹಾಸನಾಂಬೆಯ ಗುಡಿಗೆ ಹೋದೆವು. ಬಾಗಿಲು ಹಾಕಿರುತ್ತದೆ ಅಂತ ಗೊತ್ತಿತ್ತು. ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಮೊದಲ ಗುರುವಾರ ತೆರೆದರೆ, ದೀಪಾವಳಿ ಮುಗಿಯುವಾಗ ಮುಚ್ಚುತ್ತಾರೆ. ಆ ಕೆಲವು ದಿನ ಬಿಟ್ಟರೆ ವರ್ಷವಿಡೀ ಬೀಗ. ಒಳಗೆ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆಯುವವರೆಗೂ ಉರಿಯುತ್ತಿರುತ್ತದೆ ಅನ್ನುವುದು ನಂಬಿಕೆ. ಇದೇ ಊರಲ್ಲಿ 1982ರಿಂದ ಇಸ್ರೋದವರು ಕೂತು ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಎರಡೂ ಕಾಯುವ ಕೆಲಸವೇ.

ಹೂವಿನವಳು ಸೊಸೆ ಕಲ್ಲಿನ ಕಥೆ ಹೇಳಿದಳು. ದಿನಾ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು ತಲೆಗೆ ಹೊಡೆದಳಂತೆ. ಸೊಸೆ ದೇವಿಯನ್ನು ಕೂಗಿದಳು, ದೇವಿ ಅವಳನ್ನು ಕಲ್ಲು ಮಾಡಿ ತನ್ನ ಬಳಿ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೊಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ. ಕೇಳಿ ನನಗೆ ಸ್ವಲ್ಪ ಸಿಟ್ಟೇ ಬಂತು. ಹೊಡೆದವಳು ಅತ್ತೆ, ಕಲ್ಲಾದವಳು ಸೊಸೆ. ಕಾಪಾಡುವುದೆಂದರೆ ಇದೇನಾ? ಹೂವಿನವಳು ನನ್ನ ಮುಖ ನೋಡಿ, "ನಂಗೂ ಅಂಗೇ ಅನ್ಸುತ್ತೆ ಕಣಕ್ಕ" ಅಂದಳು. ಎರಡು ಮೊಳ ಸೇವಂತಿಗೆ ಕೊಂಡೆ. ಮೂರನೆಯದನ್ನು ಅವಳೇ ಸುಮ್ನೆ ಕೊಟ್ಟಳು.

ಸಂಜೆ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದದ್ದು ಅವರೆಕಾಯಿ ವಾಸನೆಯ ಜಾಡು ಹಿಡಿದು. ಮೂಗು ಕಟ್ಟಿದ ಮನುಷ್ಯನೂ "ಏನೇ ಇದು ಘಮ?" ಅಂದರು ಅಂದಮೇಲೆ ನೋಡಿ! ರಾಶಿ ರಾಶಿ ಸುರಿದಿದ್ದರು. "ಇಬ್ನಿ ಬಿದ್ದೈತೆ ಕಣವ್ವ, ಸೊಗಡು ನೋಡು" ಅಂತ ಮುದುಕಿಯೊಬ್ಬಳು ಒಂದು ಕಾಯಿ ನನ್ನ ಅಂಗೈಗೆ ಹಾಕಿ ತಿಕ್ಕಿದಳು. ಕೈ ಅಂಟಂಟಾಯಿತು. ಸೊಗಡು ಅಂದರೆ ಆ ಅಂಟೇ. ಇಬ್ಬನಿ ಬೀಳದೆ ಅದು ಬರುವುದಿಲ್ಲ. ನಾಲ್ಕು ಕಿಲೋ ಕೊಂಡೆ. "ಪ್ರವಾಸಕ್ಕೆ ಬಂದವರು ಯಾರಾದ್ರೂ ಅವರೆಕಾಯಿ ತಗೋತಾರಾ?" ಅಂತ ಇವರು ಚೀಲ ಹಿಡಿದುಕೊಂಡೇ ಕೇಳಿದರು. ಮರುದಿನ ಮೈಸೂರಲ್ಲಿ ನಾದಿನಿ ಮನೆ ಇತ್ತಲ್ಲ.

ರಾತ್ರಿ ಟಿವಿ ಬರಲಿಲ್ಲ. ಮಂಚದ ಮೇಲೆ ರಗ್ಗು ಹೊದ್ದು ಎದುರುಬದುರು ಕೂತು ಸುಲಿಯತೊಡಗಿದೆವು. ಸಿಪ್ಪೆ ಹಾಕಲು ಪೇಪರ್ ಇರಲಿಲ್ಲ. ಇವರೇ ಜೇಬಿನಿಂದ ಆ ಹಾಳೆ ತೆಗೆದು ಹಾಸಿದರು. ಮೊದಲು ಮಗಳ ವಿಷಯ ಬಂತು. ಆಮೇಲೆ ತೀರಿಹೋದ ನಮ್ಮತ್ತೆ, ಅವರು ಸುಲಿಯುತ್ತಿದ್ದ ವೇಗ. ಹುಳ ಸಿಕ್ಕಾಗಲೆಲ್ಲ ಇವರು "ಇನ್ನೊಬ್ಬ" ಅನ್ನುತ್ತಿದ್ದರು. ಹನ್ನೊಂದಾಗಿತ್ತು. ಉಗುರ ಸಂದಿಯೆಲ್ಲ ಹಸಿರು. ಕೊನೆಯ ಕಾಯಿ ಸುಲಿಯುತ್ತ, "ಮನೆ ಪತ್ರ... ಹೋದ ತಕ್ಷಣ ನೋಡೋಣ" ಅಂದರು. ನಾನು ಕೇಳಿಸಿಕೊಂಡೆ, ಏನೂ ಅನ್ನಲಿಲ್ಲ.

ಮರುದಿನ ಶೆಟ್ಟಿಹಳ್ಳಿಯ ಇಗರ್ಜಿಗೆ ಹೋಗಿ ಬಂದೆವು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿದ ಮೇಲೆ ಹಿನ್ನೀರಿನ ಪಾಲಾಯಿತು. ಚಾವಣಿ ಇಲ್ಲ, ಬರೀ ಕಮಾನುಗಳು. ಗೋಡೆಯ ಬುಡದಲ್ಲಿ ಇನ್ನೂ ನೀರಿತ್ತು. ಚೆನ್ನಾಗಿದೆ, ಆದರೆ ಫೋಟೋ ತೆಗೆಯುವವರ ಸಾಲು ನೋಡಿ ಬೇಗ ಹೊರಟೆವು.

ಮೈಸೂರು ಮುಟ್ಟಿದಾಗ ಸಂಜೆ. "ಏನಣ್ಣ, ಎರಡು ದಿನ ಹಾಸನದಲ್ಲಿ ಏನ್ ಮಾಡಿದ್ರಿ? ಬೇಲೂರು ನೋಡಿದ್ರಾ?" ಅಂತ ನಾದಿನಿ ಕೇಳಿದಳು.

"ಇಲ್ಲ. ಅವರೆಕಾಯಿ ಸುಲಿದ್ವಿ" ಅಂದರು ಇವರು.

ಅವಳು ಡಬ್ಬಿ ತೆಗೆದು ಮೂಸಿದಳು. ಒಳಗೆ ಹೋಗಿ ಕಾಳು ನೆನೆಹಾಕಿ ಬಂದಳು. "ಸುಲಿದ್ರೆ ಆಯ್ತಾ? ಬೆಳಿಗ್ಗೆ ಹಿತಕೋರು ಯಾರು?" ಅಂದಳು.

ಬೆಳಿಗ್ಗೆ ನಾನು ಎದ್ದು ಬಂದಾಗ ಇವರು ಸ್ವೆಟರಿನ ತೋಳು ಮಡಚಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಮುಂದೆ ಪಾತ್ರೆ. ಊಟಿ ಕಡೆ ಎಷ್ಟು ಗಂಟೆಗೆ ಹೊರಡೋದು ಅಂತ ಕೇಳಿದೆ. "ಇದು ಮುಗೀಲಿ ಇರು" ಅಂದರು.