ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದರೂ ಬದಲಿಸಿದ್ದೇಕೆ?

ಅಮೆರಿಕನ್ ಫುಟ್‌ಬಾಲ್ ನೋಡಲು ಶುರುಮಾಡಿದ ಗೆಳೆಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಚೆಂಡನ್ನು ಚೆನ್ನಾಗಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳು (ತಂಡದ ದಾಳಿಯನ್ನು ನಡೆಸುವ ಆಟಗಾರರು) ಬೇಕಾದಷ್ಟು ಜನ ಇರುವಾಗ, ಕೆಲವರನ್ನು ಮಾತ್ರ ಪಂದ್ಯದ ದಿಕ್ಕನ್ನೇ ತಿರುಗಿಸುವವರು ಎನ್ನುವುದೇಕೆ?

ಇದಕ್ಕೆ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೋಚ್ ಆಂಡಿ ರೀಡ್ ಅವರೇ ಇದ್ದರು, ಮುಖ್ಯ ಆಟಗಾರರೂ ಅವರೇ. ಕ್ವಾರ್ಟರ್‌ಬ್ಯಾಕ್ ಮಾತ್ರ ಬದಲಾದರು. 2017ರಲ್ಲಿ ಆ ಜಾಗದಲ್ಲಿದ್ದ ಅಲೆಕ್ಸ್ ಸ್ಮಿತ್ 26 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದರು, ಎದುರಾಳಿಗಳ ಕೈಗೆ ಚೆಂಡು ಕೊಟ್ಟದ್ದು ಐದೇ ಸಲ. ಎಸೆತಗಳ ಗುಣಮಟ್ಟ ಅಳೆಯುವ ಪಾಸರ್ ರೇಟಿಂಗ್‌ನಲ್ಲಿ ಇಡೀ ಲೀಗ್‌ಗೆ ಅವರೇ ಮೊದಲಿಗರು. ಆದರೂ ಸೋತವರು ಹೊರಬೀಳುವ ಪ್ಲೇಆಫ್‌ ಹಂತದಲ್ಲಿ ಟೆನ್ನೆಸ್ಸಿ ವಿರುದ್ಧ ಅರ್ಧ ಪಂದ್ಯಕ್ಕೆ 21-3ರಿಂದ ಮುಂದಿದ್ದ ತಂಡ, ಉಳಿದರ್ಧದಲ್ಲಿ ಒಂದು ಅಂಕವನ್ನೂ ಗಳಿಸದೆ 22-21ರಿಂದ ಸೋತಿತು. ತಪ್ಪೆಲ್ಲ ಸ್ಮಿತ್ ಅವರದೇ ಎನ್ನುವುದು ಅನ್ಯಾಯ. ತಂಡದ ಮುಖ್ಯ ಆಟಗಾರ ಟ್ರಾವಿಸ್ ಕೆಲ್ಸಿ ಪೆಟ್ಟಾಗಿ ಹೊರಗೆ ಹೋಗಿದ್ದರು. ಆದರೆ ಯೋಜನೆ ಕುಸಿದಾಗ ಹೊಸದೊಂದು ದಾರಿ ತೆರೆಯುವವರು ಅಂದು ಮೈದಾನದಲ್ಲಿ ಯಾರೂ ಇರಲಿಲ್ಲ.

ಮರುವರ್ಷ ಆ ಜಾಗಕ್ಕೆ ಪ್ಯಾಟ್ರಿಕ್ ಮಹೋಮ್ಸ್ ಬಂದರು. 50 ಟಚ್‌ಡೌನ್ ಪಾಸ್‌ಗಳು, ಲೀಗ್‌ನ ಅತ್ಯುತ್ತಮ ಆಟಗಾರ ಎಂಬ ಗೌರವ. ಎದುರಾಳಿಗಳಿಗೆ ಚೆಂಡು ಒಪ್ಪಿಸಿದ್ದು ಮಾತ್ರ 12 ಸಲ, ಸ್ಮಿತ್ ಅವರಿಗಿಂತ ಎರಡು ಪಟ್ಟಿಗೂ ಹೆಚ್ಚು. ತಪ್ಪು ಕಡಿಮೆ ಮಾಡುವವರೇ ದೊಡ್ಡ ಆಟಗಾರರು ಎನ್ನುವವರು ಈ ಅಂಕಿಯನ್ನೊಮ್ಮೆ ನೋಡಬೇಕು.

2020ರ ಫೆಬ್ರವರಿಯ ಸೂಪರ್ ಬೌಲ್‌ಗೆ, ಅಂದರೆ ಲೀಗ್‌ನ ಅಂತಿಮ ಪಂದ್ಯಕ್ಕೆ ಬನ್ನಿ. ಸ್ಯಾನ್ ಫ್ರಾನ್ಸಿಸ್ಕೊ 20-10ರಿಂದ ಮುಂದಿದೆ, ಉಳಿದಿರುವುದು ಏಳು ನಿಮಿಷ ಚಿಲ್ಲರೆ. ಮಹೋಮ್ಸ್ ಆಗಲೇ ಎರಡು ಸಲ ಚೆಂಡು ಕಳೆದುಕೊಂಡಿದ್ದಾರೆ. ಮೂರನೆಯ ಡೌನ್ (ನಾಲ್ಕು ಯತ್ನಗಳಲ್ಲಿ ಮೂರನೆಯದು), ಬೇಕಾಗಿರುವುದು 15 ಗಜ. ಹಿಂದಿನ ಕ್ಯಾಚ್ ಅನ್ನು ರೆಫರಿಗಳು ಮರುಪರಿಶೀಲಿಸುತ್ತಿದ್ದಾಗ, ‘ವಾಸ್ಪ್’ ಎಂಬ ಆಟವನ್ನು ಆಡಿಸಲು ಸಮಯ ಸಿಗುತ್ತದೆಯೇ ಎಂದು ಮಹೋಮ್ಸ್ ಅವರೇ ಸಹಾಯಕ ಕೋಚ್ ಬಳಿ ಕೇಳಿದರು. ಅದರಲ್ಲಿ ಚೆಂಡು ಹಿಡಿಯುವ ಆಟಗಾರ ಟೈರೀಕ್ ಹಿಲ್ ಬಹುದೂರ ಓಡಿ, ಒಳಕ್ಕೆ ತಿರುಗುವಂತೆ ತೋರಿಸಿ, ಅಂಚಿನತ್ತ ಹೊರಳಬೇಕು. ಅಷ್ಟು ಹೊತ್ತು ಎದುರಾಳಿಗಳನ್ನು ತಡೆಯುವುದೇ ಕಷ್ಟ. ಆದ್ದರಿಂದ ಮಹೋಮ್ಸ್ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದರು. ಸುಮಾರು 14 ಗಜ. ಎದುರಾಳಿ ಮೈಮೇಲೆ ಬೀಳುವ ಹೊತ್ತಿಗೆ ಚೆಂಡು ಕೈಬಿಟ್ಟಿತ್ತು. 44 ಗಜಗಳ ಲಾಭ. ಅಲ್ಲಿಂದ ಮೂರು ಟಚ್‌ಡೌನ್, 31-20ರ ಗೆಲುವು.

ಎಲ್ಲರೂ ಆ ತೋಳನ್ನು ಹೊಗಳುತ್ತಾರೆ. ನನಗೆ ‘ವಾಸ್ಪ್’ ಬಗ್ಗೆ ಕೇಳಿದ ಆ ಪ್ರಶ್ನೆಯೇ ದೊಡ್ಡದು. ಸೋಲು ಕಣ್ಣೆದುರಿಗಿರುವಾಗ ಅತ್ಯಂತ ಅಪಾಯದ ಆಟವನ್ನು ತಾನಾಗಿ ಕೇಳಿ ಪಡೆಯುವುದು, ಅದಕ್ಕೆ ಎಷ್ಟು ಸಮಯ ಬೇಕೆಂದು ಲೆಕ್ಕ ಹಾಕಿರುವುದು: ನಾನು ಹೇಳುವ ವ್ಯತ್ಯಾಸ ಇದೇ. ವೇಗವಾಗಿ ಓಡಬೇಕೆಂದೇನೂ ಇಲ್ಲ. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ನಿಧಾನಗತಿಯವರೆಂದೇ ಹೆಸರಾದವರು. 28-3ರಿಂದ ಹಿಂದಿದ್ದ ಸೂಪರ್ ಬೌಲ್ ಅನ್ನು 2017ರಲ್ಲಿ ಅವರು ಗೆದ್ದುಕೊಟ್ಟರು. ಚೆಂಡು ಕೈಗೆ ಬರುವ ಮೊದಲೇ ಎದುರಾಳಿಗಳ ನಿಲುವನ್ನು ಓದಿ ಮುಗಿಸುತ್ತಿದ್ದದ್ದು ಅವರ ಬಲ.

ಹಾಗೆಂದು ಸ್ಮಿತ್ ಅಂಥವರನ್ನು ಕಡೆಗಣಿಸುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ವರ್ಷ ಬೆಂಚಿನಲ್ಲಿ ಕುಳಿತಿದ್ದ ಮಹೋಮ್ಸ್, ಪಂದ್ಯಕ್ಕೆ ತಯಾರಾಗುವುದನ್ನು ಕಲಿತದ್ದು ಸ್ಮಿತ್ ಅವರನ್ನು ನೋಡಿಯೇ. ಅದನ್ನು ಅವರು ಬಾಯಿತುಂಬ ಹೇಳಿಕೊಂಡಿದ್ದಾರೆ.