ಅರ್ಜಿ ಕೊಡಲು ಹೊರಟವರ ಊರಿನಲ್ಲಿ

ನನ್ನ ತಮ್ಮ ಘಾನಾದ ತೆಮಾದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. "ಅಕ್ಕಾ, ಒಂದ್ಸಲ ಬಾ" ಅಂತ ಪ್ರತಿ ಫೋನಿನಲ್ಲೂ ಕರೆಯುತ್ತಿದ್ದ. ಕೊನೆಗೂ ಹೋದೆ. ರಾಜಧಾನಿ ಅಕ್ರಾ ತೋರಿಸ್ತೀನಿ ಅಂದಾಗ ನಾನು ಮೊದಲು ಕೇಳಿದ್ದು 1948ರಲ್ಲಿ ಗುಂಡು ಹಾರಿದ ಕೂಡುರಸ್ತೆಯನ್ನು.

ಅದು ಒಸು ಕೋಟೆಗೆ ಹೋಗುವ ದಾರಿಯಲ್ಲಿದೆ. ಅಲ್ಲಿನ ರಸ್ತೆಗೆ 'ಫೆಬ್ರವರಿ 28' ಅಂತಲೇ ಹೆಸರು. ಪಕ್ಕದಲ್ಲೇ ಸಮುದ್ರ. ನಮ್ಮ ಮಂಗಳೂರಿನದೇ ಬಿಸಿಲು, ಅದೇ ಅಂಟು ಬೆವರು.

ಆಗ ಈ ನಾಡಿನ ಹೆಸರು ಗೋಲ್ಡ್ ಕೋಸ್ಟ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಇಲ್ಲಿನ ಸಾವಿರಾರು ಹುಡುಗರನ್ನು ಬರ್ಮಾಕ್ಕೆ ಕಳಿಸಿದ್ದರು. ಜಪಾನಿನ ಸೈನ್ಯ ನಮ್ಮ ಬಾಗಿಲಿಗೆ ಬಂದಾಗ ಬರ್ಮಾದ ಅರಕಾನಿನ ಕಾಡಿನಲ್ಲಿ ಕಾದಾಡಿದವರಲ್ಲಿ ಇವರೂ ಇದ್ದರು. ಇದನ್ನು ಶಾಲೆಯಲ್ಲಿ ಓದಿದ ನೆನಪೇ ನನಗಿಲ್ಲ. ಓದಬೇಕಿತ್ತು, ಅಲ್ವಾ?

ಯುದ್ಧ ಮುಗಿಸಿ ಬಂದವರಿಗೆ ಸರಿಯಾದ ಪಿಂಚಣಿ ಸಿಗಲಿಲ್ಲ, ಕೆಲಸವೂ ಸಿಗಲಿಲ್ಲ. ಅಂಗಡಿಯಲ್ಲಿ ಬಟ್ಟೆಬರೆಯ ಬೆಲೆ ಮುಟ್ಟುವಂತಿರಲಿಲ್ಲ. ಅತ್ತ ಹಳ್ಳಿಗಳಲ್ಲಿ ರೋಗದ ಹೆಸರಲ್ಲಿ ಸರ್ಕಾರ ರೈತರ ಕೋಕೋ ಮರಗಳನ್ನು ಕಡಿಸುತ್ತಿತ್ತು. 1948ರ ಫೆಬ್ರವರಿ 28ರಂದು ಮಾಜಿ ಸೈನಿಕರು ಗವರ್ನರ್‌ಗೆ ಅರ್ಜಿ ಕೊಡೋಣ ಅಂತ ಕೋಟೆಯ ಕಡೆ ನಡೆದರು. ಕೈಯಲ್ಲಿ ಆಯುಧ ಇರಲಿಲ್ಲ. ಪೊಲೀಸರು ಈ ಕೂಡುರಸ್ತೆಯಲ್ಲಿ ತಡೆದರು. ಗುಂಡು ಹಾರಿಸಿ ಅಂದರೆ ಪೇದೆಗಳು ಹಿಂಜರಿದರು. ಆಗ ಇಮ್ರೇ ಎಂಬ ಅಧಿಕಾರಿ ಒಬ್ಬ ಪೇದೆಯ ಬಂದೂಕು ಕಸಿದುಕೊಂಡು ತಾನೇ ಹಾರಿಸಿದ. ಸಾರ್ಜೆಂಟ್ ಅಜೆಟೆ, ಕಾರ್ಪೊರಲ್ ಅಟಿಪೊ, ಪ್ರೈವೇಟ್ ಒಡಾರ್ಟೆ ಲ್ಯಾಂಪ್ಟೆ ಅಲ್ಲೇ ಬಿದ್ದರು. ಬರ್ಮಾದ ಯುದ್ಧ ಮುಗಿಸಿ ಬಂದವರು ತಮ್ಮ ಊರಿನ ರಸ್ತೆಯಲ್ಲಿ ಸತ್ತರು.

ಸ್ಮಾರಕದ ಮುಂದೆ ತುಂಬಾ ಹೊತ್ತು ನಿಂತೆ. ಅವತ್ತು ಅವರು ಕೇಳಲು ಹೊರಟದ್ದು ಸ್ವರಾಜ್ಯವನ್ನಲ್ಲ. ತಮಗೆ ಬರಬೇಕಾದ್ದನ್ನು.

ಊರಿಗೆ ಊರೇ ಹೊತ್ತಿಕೊಂಡಿತು. ಗಲಭೆಯಲ್ಲಿ 29 ಜನ ಸತ್ತರು. ಎನ್‌ಕ್ರುಮಾ, ಡಾಂಕ್ವಾ ಸೇರಿ ಸ್ವಾತಂತ್ರ್ಯ ಹೋರಾಟದ ಆರು ಮುಖಂಡರನ್ನು ಹಿಡಿದು ಒಳಗೆ ಹಾಕಿದರು. ಆದರೆ ವಿಚಾರಣೆಗೆ ಲಂಡನ್ನಿನಿಂದ ಬಂದ ವಾಟ್ಸನ್ ಆಯೋಗವೇ ಇಲ್ಲಿಗೆ ಹೊಸ ಸಂವಿಧಾನ ಬೇಕು ಅಂತ ವರದಿ ಕೊಟ್ಟಿತು.

ಮಧ್ಯಾಹ್ನ ಜೇಮ್ಸ್‌ಟೌನಿನಲ್ಲಿ ಕೆಂಕೆ ತಿಂದೆವು. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಉಂಡೆ. ಬಿಡಿಸುವಾಗ ಕೊಟ್ಟೆ ಕಡುಬು, ಬೆರಳಲ್ಲಿ ಮುರಿದರೆ ಮುದ್ದೆ! ಜೊತೆಗೆ ಹುರಿದ ಮೀನು, ಕಣ್ಣಲ್ಲಿ ನೀರು ತರಿಸುವ ಖಾರ.

ಅಲ್ಲೇ ಹತ್ತಿರ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ, ಅದರ ಸಮೀಪ ಜೇಮ್ಸ್ ಕೋಟೆ. 1950ರಲ್ಲಿ ಗಾಂಧೀಜಿಯ ಸತ್ಯಾಗ್ರಹದ ದಾರಿಯಲ್ಲೇ ಮುಷ್ಕರಕ್ಕೆ ಕರೆ ಕೊಟ್ಟ ಎನ್‌ಕ್ರುಮಾರನ್ನು ಈ ಜೈಲಿನಲ್ಲಿಟ್ಟಿದ್ದರು. ಶೌಚದ ಕಾಗದದ ಮೇಲೆ ಬರೆದು ಪಕ್ಷಕ್ಕೆ ಸುದ್ದಿ ಕಳಿಸುತ್ತಿದ್ದರಂತೆ. ಒಳಗಿದ್ದುಕೊಂಡೇ 1951ರ ಚುನಾವಣೆಗೆ ನಿಂತರು. ಅವರ ಕ್ಷೇತ್ರದಲ್ಲಿ ಬಿದ್ದ 23,122 ಮತಗಳಲ್ಲಿ 22,780 ಅವರಿಗೇ! ಫೆಬ್ರವರಿ 12ಕ್ಕೆ ಬಿಡುಗಡೆ, ಮರುದಿನವೇ ಸರ್ಕಾರ ರಚಿಸಲು ಗವರ್ನರ್ ಕರೆದರು. ಕೋಟೆಯ ಗೋಡೆಗೆ ಕೈ ಇಟ್ಟೆ. ಸುಣ್ಣ ಉದುರಿ ಅಂಗೈಗೆ ಮೆತ್ತಿಕೊಂಡಿತು.

ಕೊನೆಗೆ ಹಳೆಯ ಪೋಲೋ ಮೈದಾನ. 1957ರ ಮಾರ್ಚ್ 6ರ ನಡುರಾತ್ರಿ ಎನ್‌ಕ್ರುಮಾ ಇಲ್ಲೇ ನಿಂತು ಸ್ವಾತಂತ್ರ್ಯ ಸಾರಿದರು. ತಲೆಯ ಮೇಲೆ 'ಪಿ.ಜಿ.' ಅಂತ ಬರೆದ ಟೋಪಿ. ಪ್ರಿಸನ್ ಗ್ರಾಜುಯೇಟ್, ಅಂದರೆ ಜೈಲಿನ ಪದವೀಧರ! ನನಗೆ ಮೈ ಜುಮ್ಮೆಂದಿತು.

ಈಗ ಅಲ್ಲಿ ಅವರ ಸಮಾಧಿಯಿದೆ. ಹಿಂದೆ ತಲೆಯಿಲ್ಲದ ಒಂದು ಕಂಚಿನ ಪ್ರತಿಮೆ. 1966ರಲ್ಲಿ ಸೈನ್ಯ ಅವರನ್ನು ಅಧಿಕಾರದಿಂದ ಇಳಿಸಿದಾಗ ಜನ ಕೆಡವಿದ್ದು. ಮುರಿದ ತಲೆಯನ್ನು ಬೇರೆ ಪೀಠದ ಮೇಲಿಟ್ಟಿದ್ದಾರೆ.

"ಇಷ್ಟು ಒಳ್ಳೆಯವರ ಮೇಲೆ ಯಾಕಕ್ಕಾ ಸಿಟ್ಟು?" ಅಂದ ತಮ್ಮ. ಹೇಳಿದೆ. 1958ರಲ್ಲಿ ಅವರದೇ ಸರ್ಕಾರ ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ಕಾನೂನು ತಂದಿತ್ತು. ಎದುರು ಮಾತಾಡಿದವರು ಎಷ್ಟೋ ಜನ ಒಳಗೆ ಹೋದರು. ಒಂದು ಕಾಲಕ್ಕೆ ಜೊತೆಯಲ್ಲೇ ಬಂಧನಕ್ಕೊಳಗಾದ ಡಾಂಕ್ವಾ 1965ರಲ್ಲಿ ಎನ್‌ಸಾವಾಮ್ ಜೈಲಿನಲ್ಲೇ ತೀರಿಕೊಂಡರು. ಈ ದೇಶಕ್ಕೆ ಘಾನಾ ಅಂತ ಹೆಸರಿಡೋಣ ಅಂದವರು ಇದೇ ಡಾಂಕ್ವಾ.

ತಮ್ಮ ಏನೂ ಹೇಳಲಿಲ್ಲ. ಹೊರಗೆ ಬಂದು ಟ್ಯಾಕ್ಸಿ ಹಿಡಿದೆವು. ಒಸು ಕಡೆಯಿಂದಲೇ ಹೋಗಪ್ಪ ಅಂದೆ. ಕೂಡುರಸ್ತೆ ದಾಟುವಾಗ ಕತ್ತಲಾಗಿತ್ತು. ಮೂವರ ಹೆಸರನ್ನೂ ಒಂದೊಂದಾಗಿ ಹೇಳಿಕೊಂಡೆ.