ಜಂಗು ಹಿಡಿದ ಹಳೇ ಬಸ್ಸಿನಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಹಳೇ ಬಸ್ಸನ್ನು ಮನೆ ಮುಂದೆ ತಂದು ನಿಲ್ಲಿಸಿಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ: "ಅಣ್ಣಾ, ಗಾಡಿ ಪೂರಾ ಜಂಗು ಹಿಡದದ. ಮೊದಲ ಎಂಜಿನ್ ನೋಡ್ಬೇಕೇನ್, ಪತ್ರಾ (ಹೊರಗಿನ ತಗಡು) ಬದಲಿ ಮಾಡ್ಬೇಕೇನ್, ಬಣ್ಣ ಹೊಡಿಬೇಕೇನ್?"

ಮೂರೂ ಅಲ್ಲ. ಮೊದಲು ಚಾವಣಿ. ನೀರು ಎಲ್ಲಿಂದ ಒಳಗೆ ಇಳಿಯುತ್ತದೆ, ಇಳಿದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹುಡುಕಿ ಬಂದ್ ಮಾಡಿದ ಮೇಲೆ ಉಳಿದದ್ದು. ಆ ದಾರಿ ಮುಚ್ಚದೆ ಎಷ್ಟು ಚೆಂದ ವೆಲ್ಡಿಂಗ್ ಮಾಡಿದರೂ, ಎಷ್ಟು ದುಬಾರಿ ಬಣ್ಣ ಹೊಡೆದರೂ ಕೆಲವೇ ಮಳೆಗಾಲದಲ್ಲಿ ಅದೇ ಜಾಗ ಮತ್ತೆ ಉಬ್ಬುತ್ತದೆ.

"ಕಲಬುರಗಿ ಬಿಸಿಲಿಗೆ ಜಂಗು ಎಲ್ಲಿಂದ ಬರಬೇಕು" ಎನ್ನುವವರಿದ್ದಾರೆ. ಮಂಗಳೂರಿನ ಉಪ್ಪುಗಾಳಿ ನಮ್ಮಲ್ಲಿಲ್ಲ ಎಂಬುದು ನಿಜ. ಅದಕ್ಕೇ ನಮ್ಮ ಕಡೆಯ ಹಳೇ ಬಸ್ಸು ಹೊರಗಿನಿಂದ ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಕೇಡು ಇರುವುದು ಒಳಗೆ. ಚಕ್ರದ ಮೇಲಿನ ಮಡ್‌ಗಾರ್ಡ್ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ, ಬ್ಯಾಟರಿ ಪೆಟ್ಟಿಗೆ ಹಿಂದೆ ಎರೆಮಣ್ಣು ಮೆತ್ತಿಕೊಂಡು ಗಟ್ಟಿಯಾಗಿರುತ್ತದೆ. ಆ ಮಣ್ಣಿನ ಗುಣ ಹೊಲದಲ್ಲಿ ಏನೋ ಬಸ್ಸಿನಲ್ಲೂ ಅದೇ: ಒಮ್ಮೆ ಹೀರಿದ ನೀರನ್ನು ದಿನಗಟ್ಟಲೆ ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಕಬ್ಬಿಣ ಒದ್ದೆಯಲ್ಲೇ ಇರುತ್ತದೆ. ಕಬ್ಬಿಣ ಜಂಗಾದಾಗ ಮೊದಲಿನದಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಎರಡು ಪಟ್ಟಿಗಳ ನಡುವೆ ಅದು ಬೆಳೆದರೆ ಪಟ್ಟಿ ಬಾಯಿ ಬಿಡುತ್ತದೆ, ರಿವೆಟ್ ತಲೆ ಹಾರುತ್ತದೆ. ಹೊರಗಿನ ಪತ್ರಾದಲ್ಲಿ ಸಾಲಾಗಿ ಉಬ್ಬು ಕಂಡರೆ ಅದರ ಹಿಂದಿನ ಪಿಲ್ಲರ್ (ಚಾವಣಿ ಹೊರುವ ಕಂಬ) ಕೊಳೆತಿದೆ ಎಂದೇ ತಿಳಿಯಿರಿ.

ದುಡ್ಡು ಕೊಡುವ ಮೊದಲು ಕಾಗದ ನೋಡಿ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದಲ್ಲಿ 50 ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಕಾರಿನ ವರ್ಗಕ್ಕೆ, ಅಂದರೆ ಚಾಲಕನನ್ನು ಬಿಟ್ಟು 8 ಸೀಟಿನವರೆಗಿನ ಗಾಡಿಗೆ, ಜಾಗವಿದೆ. ಪೂರ್ಣ ಬಸ್ಸು ಆ ವರ್ಗದಲ್ಲಿಲ್ಲ. ಗುಜರಿ ಎಂದು ಮಾರಿದ ಬಸ್ಸಾದರೆ ಆರ್‌ಸಿ ರದ್ದಾಗಿದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಹೊಲದಲ್ಲಿ ಕೋಣೆಯಂತೆ ನಿಲ್ಲಿಸುವುದೋ, ರಸ್ತೆಗೆ ಇಳಿಸುವುದೋ ಎಂಬುದು ಇಲ್ಲೇ ತೀರ್ಮಾನವಾಗಬೇಕು. ಖರ್ಚು ಅದರ ಮೇಲೆ ನಿಂತಿದೆ.

ಗಾಡಿ ಯಾವ ಕಂಪನಿಯದು ಎಂಬುದರಿಂದ ಪಾನಾ ಪೆಟ್ಟಿಗೆಯೇ ಬದಲಾಗುತ್ತದೆ. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ತಯಾರಿಸಿದ ಚಾಸಿಗಳದ್ದು (ಬಾಡಿ ಕೂರುವ ಕೆಳಚೌಕಟ್ಟಿನದ್ದು) ಮಿಲಿಮೀಟರ್ ಅಳತೆ. ಹಳೇ ಲೇಲ್ಯಾಂಡ್ ಚಾಸಿ ಬ್ರಿಟಿಷ್ ಮೂಲದ್ದು, ಇಂಚಿನ ಲೆಕ್ಕ. ಇಂಚಿನ ಬೋಲ್ಟಿಗೆ ಹತ್ತಿರದ ಮಿಲಿಮೀಟರ್ ಪಾನಾ ಹಾಕಿ ತಿರುಗಿಸಿದರೆ ತಲೆ ಗುಂಡಗಾಗುತ್ತದೆ. ಆಮೇಲೆ ಗ್ರೈಂಡರ್‌ನಿಂದ ಕತ್ತರಿಸುವುದೇ ಗತಿ.

ಇನ್ನು ನಿಲ್ಲಿಸುವ ಜಾಗ. ಖಾಲಿ ಬಸ್ಸೇ ಐದಾರು ಟನ್ ತೂಗುತ್ತದೆ. ಎರೆ ನೆಲದ ಮೇಲೆ ಜಾಕ್ ಇಟ್ಟರೆ ಬೇಸಿಗೆಯಲ್ಲಿ ಗಟ್ಟಿ ಅನಿಸೀತು. ಒಂದು ಮಳೆ ಬಿದ್ದರೆ ಒಂದು ಕಡೆ ಕುಸಿಯುತ್ತದೆ. ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದ್ದರೂ ಅದನ್ನು ನಂಬಬೇಡಿ, ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಕಲ್ಲು ಒಡೆಯುತ್ತದೆ. ಮರದ ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೇಲೆ 10 ಮಿ.ಮೀ. ಕಬ್ಬಿಣದ ತಟ್ಟೆ ಇಟ್ಟು, ಅದರ ಮೇಲೆ ಸ್ಟ್ಯಾಂಡ್ ನಿಲ್ಲಿಸಿ. ಎತ್ತುವುದಕ್ಕೆ ಜಾಕ್, ಹೊರುವುದಕ್ಕೆ ಸ್ಟ್ಯಾಂಡ್. ಬರೀ ಜಾಕಿನ ಮೇಲಿರುವ ಬಸ್ಸಿನ ಕೆಳಗೆ ಯಾರೂ ಹೋಗಬಾರದು, ಒಂದು ನಿಮಿಷಕ್ಕೂ.

ಈಗ ನೀರಿನ ಪರೀಕ್ಷೆ. ಒಳಚಾವಣಿಯ ಹಲಗೆ, ಕಿಟಕಿ ಕೆಳಗಿನ ಲೈನಿಂಗ್ ಎಲ್ಲ ಮೊದಲು ಬಿಚ್ಚಿ. ಇಲ್ಲದಿದ್ದರೆ ಸೋರಿದ ನೀರು ಎಲ್ಲೋ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಒಬ್ಬರು ಹೊರಗೆ ಪೈಪು ಹಿಡಿಯಬೇಕು, ಇನ್ನೊಬ್ಬರು ಒಳಗೆ ಸೀಮೆಸುಣ್ಣ ಮತ್ತು ಟಾರ್ಚ್ ಹಿಡಿದು ಕೂರಬೇಕು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಿ: ಕಿಟಕಿಯ ಕೆಳಅಂಚಿಗೆ 10 ನಿಮಿಷ, ಆಮೇಲೆ ಮೇಲಂಚಿಗೆ, ಆಮೇಲೆ ಮುಂಗಾಜಿನ ರಬ್ಬರಿಗೆ, ಕೊನೆಗೆ ಚಾವಣಿಗೆ. ಮೇಲಿನಿಂದ ಶುರು ಮಾಡಿದರೆ ಹರಿದು ಬರುವ ನೀರು ಎಲ್ಲ ಕಡೆ ಒದ್ದೆ ಮಾಡಿ ಯಾವ ತೂತು ಯಾವುದೆಂದು ತಿಳಿಯುವುದಿಲ್ಲ. ಚಾವಣಿಯ ಲಗೇಜ್ ಕ್ಯಾರಿಯರ್ ಕಾಲುಗಳು, ಏಣಿಯ ಬೋಲ್ಟು, ಪತ್ರಾ ಜೋಡಣೆ, ಗಾಳಿಕಿಂಡಿಯ ಸುತ್ತ: ಹೆಚ್ಚಿನ ಸೋರಿಕೆ ಈ ನಾಲ್ಕು ಕಡೆ.

ಸೋರುವಲ್ಲಿ ಡಾಂಬರು ಹಚ್ಚುವುದು ನಮ್ಮ ಕಡೆ ರೂಢಿ. ದಯವಿಟ್ಟು ಬೇಡ. ಮೇ ತಿಂಗಳ ಬಿಸಿಲಿಗೆ ಅದು ಮೆತ್ತಗಾಗಿ ಜಾರುತ್ತದೆ, ಒಳಗೆ ಸೇರಿದ ನೀರನ್ನು ಹೊರಹೋಗದಂತೆ ಕಟ್ಟಿಹಾಕುತ್ತದೆ, ಮುಂದೆ ಹೊಡೆಯುವ ಬಣ್ಣದಲ್ಲಿ ಕಂದು ಕಲೆಯಾಗಿ ಏಳುತ್ತದೆ. ಹುಳಿ ವಾಸನೆ ಬರುವ ಸಿಲಿಕೋನ್ ಕೂಡ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ, ಅದರ ಮೇಲೆ ಬಣ್ಣವೂ ಕೂರುವುದಿಲ್ಲ. ಹಳೇ ರಿವೆಟ್ ಕೊರೆದು ತೆಗೆಯಿರಿ. ಜೋಡಣೆಯ ಎರಡೂ ಬದಿ 50 ಮಿ.ಮೀ. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ಎಪಾಕ್ಸಿ ಪ್ರೈಮರ್ ಹಚ್ಚಿ. ಅದು ಒಣಗಿದ ಮೇಲೆ ಪಾಲಿಯುರೆಥೇನ್ ಸೀಲಂಟ್ 6 ಮಿ.ಮೀ. ದಪ್ಪದ ಎಳೆಯಾಗಿ ಎಳೆದು, ಹಸಿಯಿರುವಾಗಲೇ ಹೊಸ ರಿವೆಟ್ ಹಾಕಿ. ಸೀಲಂಟ್ ಅಂಚಿನಿಂದ ಸ್ವಲ್ಪ ಹೊರಗೆ ಉಕ್ಕಿದರೆ ಜೋಡಣೆ ತುಂಬಿದೆ ಎಂದರ್ಥ.

ಚಾವಣಿ ಗಟ್ಟಿಯಾದ ಮೇಲೆ ನೆಲ ಕೀಳಿ. ಒಂದು ಸಣ್ಣ ಸುತ್ತಿಗೆ, ಒಂದು ಚೂಪು ಸ್ಕ್ರೂಡ್ರೈವರ್ ಸಾಕು ಪರೀಕ್ಷೆಗೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವ ಜಾಗವನ್ನು ಬಿಳಿ ಗೆರೆಯಿಂದ ಗುರುತಿಸಿ. ಗೆರೆಯಾಚೆ ಇನ್ನೂ 50 ಮಿ.ಮೀ. ಬಿಟ್ಟು ಕತ್ತರಿಸಿದರೆ ಮಾತ್ರ ವೆಲ್ಡಿಂಗ್ ಹಿಡಿಯುವಷ್ಟು ದಪ್ಪದ ಲೋಹ ಸಿಗುತ್ತದೆ.

ಪಿಲ್ಲರ್‌ಗಳು ಸಾಮಾನ್ಯವಾಗಿ ಕೆಳಗಿನ ಒಂದು ಅಡಿಯಲ್ಲಿ ಹೋಗಿರುತ್ತವೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಹುರುಪಿನಲ್ಲಿ ಒಂದು ಬದಿಯ ಕೊಳೆತದ್ದನ್ನೆಲ್ಲ ಒಂದೇ ದಿನ ಕತ್ತರಿಸುತ್ತಾರೆ. ಚಾವಣಿ 5 ಮಿ.ಮೀ. ಇಳಿಯುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಹೊಸ ಪಿಲ್ಲರ್ ಅದೇ ವಾರೆಯಲ್ಲಿ ಕೂರುತ್ತದೆ. ತಿಂಗಳುಗಳ ನಂತರ ಕಿಟಕಿ ಗಾಜು ಚಾನೆಲ್‌ನಲ್ಲಿ ಜಾರದೆ ಸಿಕ್ಕಿಕೊಂಡಾಗ ಗೊತ್ತಾಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲು ಬಾಗಿಲಿಗೂ ಪ್ರತಿ ಕಿಟಕಿಗೂ 25 ಮಿ.ಮೀ. ಚೌಕ ಪೈಪನ್ನು ಮೂಲೆಯಿಂದ ಮೂಲೆಗೆ ಟಾಂಕಿ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿ. ಎರಡೂ ಕರ್ಣಗಳ ಅಳತೆ ಪಿಲ್ಲರ್ ಮೇಲೇ ಬರೆದಿಡಿ. ಒಮ್ಮೆಗೆ ಒಂದೇ ಪಿಲ್ಲರ್. ಹೊಸ ತುಂಡಿನೊಳಗೆ 100 ಮಿ.ಮೀ. ಉದ್ದದ ಒಳಪಟ್ಟಿ ಕೊಟ್ಟು, ಅದನ್ನು ಹಳೆಯದರೊಳಗೆ ಅರ್ಧ ತೂರಿಸಿ ಬೆಸೆಯಿರಿ. ಪ್ರತಿ ಪಿಲ್ಲರ್ ಮುಗಿದ ಮೇಲೆ ಕರ್ಣ ಮತ್ತೆ ಅಳೆಯಿರಿ, 3 ಮಿ.ಮೀ. ಮೀರಿದರೆ ಬಿಚ್ಚಿ.

ಮನೆಯಲ್ಲಿ ಆರ್ಕ್ ವೆಲ್ಡಿಂಗ್ ಯಂತ್ರವೇ ಇದ್ದರೆ 2 ಮಿ.ಮೀ. ದಪ್ಪದ ಚೌಕ ಪೈಪಿಗೆ 2.5 ಮಿ.ಮೀ. ರಾಡ್, 60ರಿಂದ 80 ಆಂಪಿಯರ್ ಸರಿಹೋಗುತ್ತದೆ. 18 ಗೇಜಿನ ಪತ್ರಾಕ್ಕೆ, ಅಂದರೆ 1.2 ಮಿ.ಮೀ.ಗೆ, ಇದೇ ರಾಡ್ ಹಿಡಿದರೆ ತೂತು ಬೀಳುತ್ತದೆ. ಅಲ್ಲಿ 0.8 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್ ಬೇಕು. ಒಂದೇ ಸಮನೆ ಎಳೆಯದೆ 20 ಮಿ.ಮೀ. ಇಲ್ಲಿ, 20 ಮಿ.ಮೀ. ಅಲ್ಲಿ ಹಾಕುತ್ತ ಹೋಗಿ. ಹಾಗೆ ಮಾಡಿದರೆ ಪತ್ರಾ ಅಲೆಯಂತೆ ಬಾಗುವುದಿಲ್ಲ. ಶುರುವಿಗೆ ಮುನ್ನ ಬ್ಯಾಟರಿಯ ಎರಡೂ ತುದಿ, ಆಲ್ಟರ್ನೇಟರ್ ತಂತಿ ಬಿಚ್ಚಿರಬೇಕು. ಅರ್ಥ್ ಕ್ಲಾಂಪ್ ಬೆಸೆಯುವ ಜಾಗದ ಹತ್ತಿರವೇ ಇರಲಿ. ದೂರವಿದ್ದರೆ ಕರೆಂಟು ಚಕ್ರದ ಬೇರಿಂಗ್ ಹಾದು ಅದನ್ನು ಸುಡುತ್ತದೆ. ಸೀಟಿನ ಫೋಮು, ರೆಕ್ಸಿನ್, ಗ್ರೀಸು ಎಲ್ಲ ಹೊರಗೆ. ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ಹೊಗೆ ನೋಡಿ.

ಚಾಸಿ ಬೇರೆ ಮಾತು. ಅದು ಬಾಡಿಯ ಪೈಪಲ್ಲ. ಕಮಾನು ಪಾಟಾ (ಲೀಫ್ ಸ್ಪ್ರಿಂಗ್) ಕೂರುವ ಬ್ರಾಕೆಟ್ ಸುತ್ತ, ರಿವೆಟ್ ತೂತುಗಳ ಅಂಚಿನಲ್ಲಿ ಬಿರುಕು ಹುಡುಕಬೇಕು. ಅದಕ್ಕೆ ಕೆಂಪು ಡೈ ಸ್ಪ್ರೇ ಸಿಗುತ್ತದೆ: ಶುಚಿ ಮಾಡಿ, ಕೆಂಪು ಹೊಡೆದು 10ರಿಂದ 15 ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಕೆಂಪು ಕೂದಲೆಳೆಯಂತೆ ಮೇಲೇಳುತ್ತದೆ. ಬಿರುಕು ಕಂಡರೆ ಮನೆ ವೆಲ್ಡಿಂಗ್ ಬೇಡವೇ ಬೇಡ, ಚಾಸಿ ಕೆಲಸವನ್ನೇ ಮಾಡುವ ವರ್ಕ್‌ಶಾಪ್‌ಗೆ ಬಿಡಿ. ಚಾಸಿ ಪಟ್ಟಿಯ ದಪ್ಪದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಜಂಗು ತಿಂದಿದ್ದರೆ, ನನ್ನ ಲೆಕ್ಕದಲ್ಲಿ, ಆ ಗಾಡಿ ರಸ್ತೆಗಲ್ಲ.

ಉಳಿದ ಜಂಗು ತೆಗೆಯಲು ನಾಲ್ಕಿಂಚಿನ ಗ್ರೈಂಡರ್, ತಂತಿ ಬ್ರಷ್, 60 ಗ್ರಿಟ್‌ನ ಫ್ಲಾಪ್ ಡಿಸ್ಕ್ (ಉಜ್ಜುವ ಚಕ್ರ). ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಳೇ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಬಣ್ಣ ಒದ್ದೆ ಮಾಡಿ ಉಜ್ಜಿ, ಬ್ರೇಕ್ ಡ್ರಮ್ಮಿಗೆ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳನ್ನು ದೂರ ಇಡಿ. ಗುಳಿಯೊಳಗಿನ ಜಂಗಿಗೆ ಫಾಸ್ಫೊರಿಕ್ ಆಮ್ಲ: 85 ಶೇಕಡಾದ್ದು ಸಿಕ್ಕರೆ 4 ಪಾಲು ನೀರಿಗೆ 1 ಪಾಲು, ಆಮ್ಲವನ್ನೇ ನೀರಿಗೆ ನಿಧಾನವಾಗಿ ಸುರಿಯಬೇಕು, ಕೈಗವಸು ಮತ್ತು ಕನ್ನಡಕದೊಂದಿಗೆ. 20 ನಿಮಿಷ ಒದ್ದೆಯಾಗಿಯೇ ಇರಬೇಕು, ಆಮೇಲೆ ತೊಳೆಯಬೇಕು. ನಮ್ಮ ಬಿಸಿಲಿಗೆ ಅದು ಐದೇ ನಿಮಿಷದಲ್ಲಿ ಒಣಗಿ ಅಂಟು ಪದರವಾಗುತ್ತದೆ, ಆ ಪದರದ ಮೇಲೆ ಪ್ರೈಮರ್ ನಿಲ್ಲುವುದಿಲ್ಲ. ಹೊತ್ತು ಏರುವ ಮೊದಲೇ ಮುಗಿಸಿ. ಶೌಚಾಲಯ ತೊಳೆಯುವ ಆಸಿಡ್ ಬಳಸಬೇಡಿ. ಅದರ ಕ್ಲೋರೈಡ್ ಸಂದಿಯಲ್ಲೇ ಉಳಿದು ಜಂಗನ್ನು ವಾಪಸ್ ಕರೆಯುತ್ತದೆ.

ಹಿಂಜು, ಬ್ರಾಕೆಟ್‌ನಂಥ ಸಣ್ಣ ಭಾಗಗಳಿಗೆ ಕರೆಂಟಿನ ತೊಟ್ಟಿ ಒಳ್ಳೆಯದು. 50 ಲೀಟರ್ ನೀರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಅರ್ಧ ಕಿಲೋ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರಿನ ಋಣ ತುದಿ ಜಂಗಿನ ವಸ್ತುವಿಗೆ, ಧನ ತುದಿ ಸಾದಾ ಕಬ್ಬಿಣದ ತುಂಡಿಗೆ. ಸ್ಟೀಲ್ ತಟ್ಟೆ, ಚಮಚ ಹಾಕಬಾರದು. ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ತೊಟ್ಟಿ ಬಯಲಿನಲ್ಲಿರಲಿ. ಕಮಾನು ಪಾಟಾ, ಗಡಸು ಬೋಲ್ಟುಗಳನ್ನು ಇದರಲ್ಲಿ ಮುಳುಗಿಸಬೇಡಿ, ಹೈಡ್ರೋಜನ್ ಒಳಸೇರಿ ಅವು ಮುರಿಯುವಂತಾಗುತ್ತವೆ. ಬೀದರ್ ಕಡೆಯವರು ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಬಗ್ಗೆ ಕೇಳುತ್ತಾರೆ. 9 ಪಾಲು ನೀರಿಗೆ 1 ಪಾಲು ಕಲಸಿ ಎರಡು ವಾರ ಇಟ್ಟರೆ ಜಂಗು ಬಿಡುತ್ತದೆ, ನಿಜ. ಆದರೆ ಅದು ಅಬಕಾರಿ ನಿಯಂತ್ರಣದ ಸರಕು, ಅಲ್ಯೂಮಿನಿಯಂ ಬಿದ್ದರೆ ತಿಂದೂ ಹಾಕುತ್ತದೆ. ಸೋಡಾ ಸಾಕು.

ಬಿಳಿ ಲೋಹ ಕಂಡ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಸಾದಾ ರೆಡ್ ಆಕ್ಸೈಡ್ ಹಚ್ಚಿ ಮಳೆಗೆ ಬಿಟ್ಟರೆ ಅದರ ಸಣ್ಣ ರಂಧ್ರಗಳಿಂದ ನೀರು ಇಳಿಯುತ್ತದೆ. ಅದು ಮೇಲೆ ಬಣ್ಣ ಬೀಳುವವರೆಗಿನ ಹೊದಿಕೆ ಅಷ್ಟೇ. ಪುಟ್ಟಿಯನ್ನು ಎಪಾಕ್ಸಿ ಮೇಲೆ ಹಾಕಿ, ಬರೀ ಲೋಹದ ಮೇಲಲ್ಲ, ಏಕೆಂದರೆ ಪುಟ್ಟಿ ತೇವ ಹೀರುತ್ತದೆ. ಕಬ್ಬಿಣದ ಚೌಕಟ್ಟಿಗೆ ಅಲ್ಯೂಮಿನಿಯಂ ಪತ್ರಾ ನೇರ ತಾಗಿದರೆ ಒದ್ದೆಯಾದಾಗ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಎರಡಕ್ಕೂ ಪ್ರೈಮರ್ ಹಚ್ಚಿ ನಡುವೆ ಬ್ಯುಟೈಲ್ (ಅಂಟುವ ರಬ್ಬರ್) ಪಟ್ಟಿ ಕೊಡಿ. ಬಣ್ಣಕ್ಕೆ ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಚಳಿಗಾಲದ ಬೆಳಿಗ್ಗೆ ಪತ್ರಾ ಮೇಲೆ ಇಬ್ಬನಿ ಕೂತಿರುತ್ತದೆ, 10 ಗಂಟೆಯ ಮೇಲೆ ಶುರು ಮಾಡಿ. ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ, ಸಾದಾ ಮಾಸ್ಕ್ ತಡೆಯುವುದಿಲ್ಲ. ಮನೆಯಲ್ಲಿ ಸಿಂಥೆಟಿಕ್ ಎನಾಮಲ್‌ಗೇ ನನ್ನ ಮತ.

9 ಮೀಟರ್ ಉದ್ದ, 2.4 ಮೀಟರ್ ಅಗಲದ ಬಸ್ಸಿನ ಹೊರಮೈ, ಗಾಜು ಬಿಟ್ಟು, 55ರಿಂದ 60 ಚದರ ಮೀಟರ್. ಎರಡು ಪದರಕ್ಕೆ ಎಪಾಕ್ಸಿ ಸುಮಾರು 16 ಲೀಟರ್, ಎನಾಮಲ್ 12 ಲೀಟರ್. ನೆಲಕ್ಕೆ ಐಎಸ್ 710 ಗುರುತಿನ (ನೀರು ತಡೆಯುವ ಮರೈನ್) 12 ಮಿ.ಮೀ. ಪ್ಲೈವುಡ್, 8×4 ಅಡಿಯದು 9 ಹಾಳೆ. ಕತ್ತರಿಸಿದ ಪ್ರತಿ ಅಂಚಿಗೂ ಎಪಾಕ್ಸಿ ಕುಡಿಸಿ. 4.8 ಮಿ.ಮೀ. ಪಾಪ್ ರಿವೆಟ್ 1,500 ತಂದಿಡಿ.

ಎಂಜಿನ್ ಮತ್ತು ಬ್ರೇಕಿನ ಮಾತು ಇಲ್ಲಿ ಚಿಕ್ಕದು. ಬ್ರೇಕ್ ಹೋಸು, ವೀಲ್ ಸಿಲಿಂಡರ್ ಕಿಟ್ ಚೆನ್ನಾಗಿ ಕಂಡರೂ ಹೊಸದೇ ಹಾಕಿ. ಗಾಳಿ ಟ್ಯಾಂಕಿನ ಜಂಗು ಒಳಗಿನಿಂದ ತಿನ್ನುತ್ತದೆ, ನೀರಿನ ಒತ್ತಡದ ಪರೀಕ್ಷೆ ಆಗದೆ ಬಳಸಬೇಡಿ. ಡೀಸೆಲ್ ಟ್ಯಾಂಕಿಗೆ ಎಂದೂ ಮನೆಯಲ್ಲಿ ಬೆಂಕಿ ತಾಗಿಸಬೇಡಿ, ಖಾಲಿಯಾಗಿದ್ದರೂ.

ಬಣ್ಣ ಗಟ್ಟಿಯಾದ ಮೇಲೆ ಪಿಲ್ಲರ್, ಪೆಟ್ಟಿಗೆ ಪಟ್ಟಿಗಳೊಳಗೆ 10 ಮಿ.ಮೀ. ತೂತಿನ ಮೂಲಕ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ಹೊಡೆಯುವ ಮೇಣ) ಹೊಡೆದು ತೂತಿಗೆ ರಬ್ಬರ್ ಬಿರಟೆ ಹಾಕಿ. ಸುಟ್ಟ ಎಂಜಿನ್ ಆಯಿಲ್ ಸುರಿಯುವುದು ಬೇಡ. ರಬ್ಬರ್ ಊದುತ್ತದೆ, ನೆಲವೂ ಕೆಡುತ್ತದೆ. ಪ್ರತಿ ಪೆಟ್ಟಿಗೆಯ ತಳದಲ್ಲಿ 8 ಮಿ.ಮೀ. ನೀರುತೂತು ಇರಲಿ. ಅದಕ್ಕೆ ಬಿರಟೆ ಬೇಡ. ವರ್ಷಕ್ಕೊಮ್ಮೆ, ಮೇ ಕೊನೆಯಲ್ಲಿ, ಒಂದು ತಂತಿ ಹಿಡಿದು ಆ ತೂತುಗಳಲ್ಲಿ ಕೂತ ಎರೆಮಣ್ಣನ್ನು ಕೆದಕಿ ತೆಗೆಯಿರಿ. ಮೊದಲ ದೊಡ್ಡ ಮಳೆಯ ದಿನ ಟಾರ್ಚ್ ಹಿಡಿದು ಒಳಗೆ ಕೂತು ಚಾವಣಿಯ ಪ್ರತಿ ಜೋಡಣೆ ನೋಡಿ.